ಹಿಂಗಾಲಿಯ ಶಾಕ್ ಅಬ್ಸಾರ್ಬರ್: ಮಾರಿದವರ ಹೊಣೆ ಎಲ್ಲಿಯವರೆಗೆ?

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ವ್ಯಾಪಾರೋದ್ಯಮದ ಪ್ರಸ್ತಾಪ ಬಂದಾಗಲೆಲ್ಲ ಕಬ್ಬು, ಸಕ್ಕರೆ, ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಹಾಲು ಇವುಗಳ ಹೆಸರು ಮೊದಲು ಬರುವುದು ಸಹಜವೇ ಆಗಿದೆ. ಆದರೆ ಈ ಸರಕುಗಳನ್ನು ಸಣ್ಣ ಸಣ್ಣ ಗಂಟುಗಳಾಗಿ ಪ್ರತಿನಿತ್ಯ ಹೊತ್ತು ತಿರುಗುವ ದ್ವಿಚಕ್ರ ವಾಹನವನ್ನು ಕುರಿತು ನಾವು ಯೋಚಿಸುವುದು ಕಡಿಮೆ. ಆ ವಾಹನದ ಹಿಂಗಾಲಿಗೆ ಆಸರೆಯಾಗಿ ನಿಂತ ಶಾಕ್ ಅಬ್ಸಾರ್ಬರ್, ಅಂದರೆ ಪೇಟೆಯಲ್ಲಿ ನಾವೆಲ್ಲರೂ ‘ಶಾಕಪ್’ ಎಂದು ಕರೆಯುವ ವಸ್ತು, ನಮ್ಮ ನೆನಪಿಗೆ ಬರುವುದು ಅದರಿಂದ ಎಣ್ಣೆ ಸೋರಿದಾಗ ಮಾತ್ರ. ಎರಡು ದಶಕಗಳಿಗೂ ಮಿಕ್ಕಿ ವಾಹನಗಳ ಬಿಡಿಭಾಗಗಳ ವ್ಯಾಪಾರದಲ್ಲಿ ತೊಡಗಿರುವ ನಾನು ಈ ಒಂದು ವಸ್ತುವಿನ ನೆಪದಲ್ಲಿ ನಮ್ಮ ವ್ಯಾಪಾರದ ಒಂದು ದೋಷವನ್ನು, ಅದರಲ್ಲಿ ನನ್ನ ಪಾಲನ್ನೂ ಸೇರಿಸಿ, ವರ್ತಕ ಬಂಧುಗಳ ಮುಂದೆ ನಿವೇದಿಸಬಯಸುತ್ತೇನೆ.

ನಮ್ಮ ಭಾಗದ ರಸ್ತೆಗಳ ಸ್ಥಿತಿಯನ್ನು ಮೊದಲು ಗಮನಿಸಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್‌ಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಕರಿಮಣ್ಣಿನ ಮೇಲೆ ಹಾಸಿದ ಡಾಂಬರನ್ನು ಒತ್ತಿ ಗಾಡಿದಾರಿಯ ಜಾಡನ್ನು ಮೂಡಿಸುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಮಹಾಪೂರವಂತೂ 2005, 2019 ಮತ್ತು 2021ರಲ್ಲಿ ನಾವೆಲ್ಲ ಕಣ್ಣಾರೆ ಕಂಡದ್ದು. 2019 ಮತ್ತು 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿಹೋಗಿತ್ತು. ಹೆದ್ದಾರಿಯ ಪಾಡು ಹೀಗಿರುವಾಗ ನದಿದಂಡೆಯ ಹಳ್ಳಿಗಳ ರಸ್ತೆಗಳ ಮಾತು ಬೇರೆ ಹೇಳಬೇಕಾಗಿಲ್ಲ. ನೀರು ಇಳಿದ ಮೇಲೆ ಉಳಿಯುವುದು ಕಿತ್ತ ಜಲ್ಲಿ ಮತ್ತು ಕೆಸರು. ಆ ಕೆಸರು ಒಣಗಿ ಶಾಕಿನ ಪಿಸ್ಟನ್ ರಾಡಿಗೆ ಅಂಟಿಕೊಂಡರೆ ರಾಡಿನ ಕ್ರೋಮ್ ಲೇಪನವನ್ನು ಗೀರುತ್ತದೆ. ಗೀರಿದ ರಾಡು ಆಯಿಲ್ ಸೀಲನ್ನು ಹರಿಯುತ್ತದೆ. ಎಣ್ಣೆ ಸೋರಿದ ಶಾಕು ಬರಿಯ ಸ್ಪ್ರಿಂಗ್ ಆಗಿ ಉಳಿಯುತ್ತದೆ.

ಇನ್ನು ಭಾರದ ಲೆಕ್ಕ. 40 ಲೀಟರಿನ ಎರಡು ಕ್ಯಾನುಗಳಲ್ಲಿರುವ ಹಾಲಿನ ತೂಕವೇ ಸುಮಾರು 82 ಕಿಲೋ ಆಗುತ್ತದೆ. ಖಾಲಿ ಕ್ಯಾನು ಮತ್ತು ಅವುಗಳನ್ನು ತೂಗುಹಾಕುವ ಕಬ್ಬಿಣದ ಚೌಕಟ್ಟು ಸೇರಿದರೆ ನೂರು ಕಿಲೋ ಮುಟ್ಟಲು ತಡವಿಲ್ಲ. ಸವಾರನ ಭಾರವನ್ನೂ ಕೂಡಿಸಿದರೆ, ತಾನೇ ಸುಮಾರು 110 ಕಿಲೋ ತೂಗುವ ನೂರು ಸಿಸಿಯ ಮೋಟಾರ್ ಸೈಕಲ್ಲು ತನ್ನ ತೂಕಕ್ಕಿಂತ ಹೆಚ್ಚಿನದನ್ನು ಹೊತ್ತಂತಾಯಿತು. ಅದರ ಬಹುಪಾಲು ಹಿಂಗಾಲಿಯ ಮೇಲೆಯೇ ಬೀಳುತ್ತದೆ. ಕಂಪನಿಯವರು ಆ ವಾಹನಕ್ಕೆ ಕೂಡಿಸಿದ ಶಾಕು ಇಬ್ಬರು ಸವಾರರನ್ನು ಲಕ್ಷ್ಯದಲ್ಲಿಟ್ಟು ರೂಪಿಸಿದ್ದು. ಆದ್ದರಿಂದ ನಮ್ಮಲ್ಲಿ ಶಾಕು ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಬದಲಿ ಶಾಕಿನ ವ್ಯಾಪಾರ ನಮ್ಮಲ್ಲಿ ಬೆಳೆದದ್ದು ಈ ಕಾರಣದಿಂದಲೇ.

ಒಂದು ಪ್ರಸಂಗ

2022ರ ಮಳೆಗಾಲದಲ್ಲಿ ಅಂಕಲಿ ಕಡೆಯ ಹಾಲಿನ ವ್ಯಾಪಾರಿಯೊಬ್ಬರು ನನ್ನ ಅಂಗಡಿಗೆ ಬಂದು ಹಿಂಗಾಲಿಯ ಶಾಕಿನ ಜೋಡಿಯನ್ನು ಕೇಳಿದರು. ಹೆಸರುವಾಸಿ ಕಂಪನಿಯ ಜೋಡಿಯ ಬೆಲೆ ಅವರಿಗೆ ಹೆಚ್ಚೆನಿಸಿತು. ತಯಾರಕರ ಹೆಸರಾಗಲಿ ವಿಳಾಸವಾಗಲಿ ಇಲ್ಲದ ಪೆಟ್ಟಿಗೆಯಲ್ಲಿದ್ದ, ‘ಹೆವಿ ಡ್ಯೂಟಿ’ ಎಂದು ಮಾತ್ರ ಬರೆದಿದ್ದ ಜೋಡಿಯೊಂದನ್ನು ಅರ್ಧ ಬೆಲೆಗೆ ಕೊಟ್ಟೆ. ಬಿಲ್ಲು ಬರೆಯಲಿಲ್ಲ. ಆಗ ಮೋಟಾರ್ ಸೈಕಲ್ ಬಿಡಿಭಾಗಗಳ ಮೇಲೆ ಶೇ. 28ರಷ್ಟು ಜಿಎಸ್‌ಟಿ ಇತ್ತು. ಅದನ್ನು ಉಳಿಸಿ ಗಿರಾಕಿಗೆ ಉಪಕಾರ ಮಾಡಿದೆನೆಂಬ ಸಮಾಧಾನವೂ ನನಗಿತ್ತು. ಜೋಡಿಸುವಾಗ ಕೆಳಗಣ್ಣಿನ ಬುಷ್ಷಿನ ರಂಧ್ರ 12 ಮಿ.ಮೀ., ವಾಹನದ ಬೋಲ್ಟು 10 ಮಿ.ಮೀ. ಎಂಬುದು ಗೊತ್ತಾಯಿತು. ಮೆಕ್ಯಾನಿಕ್ ಅಂಗಡಿಗೆ ಬಂದು ಕೇಳಿದಾಗ, ತಗಡು ಸುತ್ತಿದರೆ ಹೊಂದಿಕೊಳ್ಳುತ್ತದೆ, ಹಾಕು ಎಂದು ಹೇಳಿದವನು ನಾನೇ.

ಮೂರು ವಾರಗಳ ನಂತರ ಆ ತಗಡು ಸವೆದು, ಶಾಕಿನ ಕೆಳಗಣ್ಣು ಬೋಲ್ಟಿನ ಮೇಲೆ ಬಡಿದಾಡಿ, ನಟ್ಟು ಸಡಿಲಗೊಂಡು ಕಳಚಿತು. ತುಂಬಿದ ಕ್ಯಾನುಗಳ ಸಮೇತ ವಾಹನ ಒಂದು ಬದಿಗೆ ಕುಸಿಯಿತು. ಹಾಲು ಚೆಲ್ಲಿದ್ದು ದೊಡ್ಡ ಮಾತಲ್ಲ. ಆ ಗೃಹಸ್ಥರ ಬಲಗಾಲು ಮುರಿದು ಮೂರು ತಿಂಗಳು ಹಾಸಿಗೆ ಹಿಡಿದರು. ಅಷ್ಟರಲ್ಲಿ ಅವರು ಹಾಲು ಕೊಂಡುಕೊಳ್ಳುತ್ತಿದ್ದ ಮನೆಗಳು ಬೇರೆಯವರ ಪಾಲಾದವು. ಊರುಗೋಲಿನ ಆಸರೆಯಲ್ಲಿ ನನ್ನ ಅಂಗಡಿಗೆ ಬಂದ ದಿನ ಅವರು ಜಗಳವಾಡಲಿಲ್ಲ. ಆ ಮಾಲು ಯಾರದು ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನನಗೆ ಅದನ್ನು ತಂದುಕೊಟ್ಟ ಸಂಚಾರಿ ಮಾರಾಟಗಾರನ ದೂರವಾಣಿ ಅಷ್ಟರಲ್ಲಿ ಬಂದಾಗಿತ್ತು. ಅವರ ಔಷಧೋಪಚಾರದ ವೆಚ್ಚದಲ್ಲಿ ಒಂದು ಭಾಗವನ್ನು ನಾನು ಭರಿಸಿದೆ. ಕಳೆದುಹೋದ ಉದ್ಯೋಗವನ್ನು ಭರಿಸಿಕೊಡಲು ನನ್ನಿಂದಾಗಲಿಲ್ಲ.

ಕಾನೂನು ಏನನ್ನುತ್ತದೆ

ಅವರು ನ್ಯಾಯಾಲಯಕ್ಕೆ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವೇ ಇದೆ. ಮಾಲನ್ನು ತಯಾರಿಸದೆ ಕೇವಲ ಮಾರಿದವನು ಯಾವಾಗ ಹೊಣೆಯಾಗುತ್ತಾನೆಂಬುದನ್ನು 86ನೆಯ ಕಲಮು ಹೇಳುತ್ತದೆ. ತಯಾರಕನ ಗುರುತು ಗೊತ್ತಿಲ್ಲದ ಮಾಲನ್ನು ಮಾರಿದರೆ ಮಾರಿದವನೇ ಹೊಣೆ. ಮಾಲಿನಲ್ಲಿ ಮಾರ್ಪಾಡು ಮಾಡಿ, ಆ ಮಾರ್ಪಾಡು ಹಾನಿಗೆ ಪ್ರಮುಖ ಕಾರಣವಾದರೆ ಮಾರಿದವನೇ ಹೊಣೆ. ಜೋಡಿಸುವುದರಲ್ಲಿ, ಪರೀಕ್ಷಿಸುವುದರಲ್ಲಿ ತಕ್ಕ ಎಚ್ಚರ ವಹಿಸದಿದ್ದರೆ, ತಯಾರಕನು ಕೊಟ್ಟ ಎಚ್ಚರಿಕೆಗಳನ್ನು ಗಿರಾಕಿಗೆ ತಲುಪಿಸದಿದ್ದರೆ ಆಗಲೂ ಮಾರಿದವನೇ ಹೊಣೆ. ನನ್ನ ಒಂದು ಜೋಡಿ ಶಾಕು ಇವೆಲ್ಲಕ್ಕೂ ಉದಾಹರಣೆಯಾಗಬಹುದಿತ್ತು. ಬಿಲ್ಲು ಕೊಡದಿರುವುದನ್ನು ಕೂಡ ಇದೇ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಎಣಿಸಿದೆ.

ಕಾಯಿದೆ ವರ್ತಕನ ವೈರಿಯೆಂದು ಯಾರೂ ಭಾವಿಸಬಾರದು. ಗಿರಾಕಿ ಮಾಲನ್ನು ದುರ್ಬಳಕೆ ಮಾಡಿದ್ದರೆ ಅಥವಾ ತಾನೇ ಮಾರ್ಪಡಿಸಿದ್ದರೆ ಮಾರಿದವನ ಮೇಲೆ ಹೊಣೆ ಬರುವುದಿಲ್ಲವೆಂದು 87ನೆಯ ಕಲಮಿನಲ್ಲಿ ರಕ್ಷಣೆಯೂ ಇದೆ. ಆದರೆ ಆ ರಕ್ಷಣೆಯನ್ನು ಕೋರಲು ಕೈಯಲ್ಲಿ ಕಾಗದವಿರಬೇಕು. ಯಾವ ಮಾಲು, ಯಾವ ವಾಹನಕ್ಕೆ, ಯಾವ ದಿನ ಕೊಟ್ಟೆ, ಏನು ಹೇಳಿ ಕೊಟ್ಟೆ ಎಂಬುದು ಬರಹದಲ್ಲಿರದಿದ್ದರೆ ನಮ್ಮ ಬಾಯಿಮಾತಿಗೆ ಬೆಲೆ ಎಲ್ಲಿಯದು? ಬಿಲ್ಲು ಗಿರಾಕಿಯನ್ನು ಕಾಯುವಂತೆ ನಮ್ಮನ್ನೂ ಕಾಯುತ್ತದೆ.

ಅಳತೆಯ ಮಹತ್ವ

ಈಗ ವಸ್ತುವಿನ ಕಡೆಗೆ ಬರೋಣ. ಶಾಕಿನಲ್ಲಿ ಎರಡು ಕೆಲಸಗಳಿವೆ. ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಒಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯ್ದು ಸ್ಪ್ರಿಂಗಿನ ಪುಟಿತವನ್ನು ತಡೆಯುತ್ತದೆ. ಇವೆರಡೂ ಒಂದಕ್ಕೊಂದು ತಕ್ಕುದಾಗಿರಬೇಕು. ಭಾರ ಹೊರಬೇಕೆಂದು ದಪ್ಪ ತಂತಿಯ ಸ್ಪ್ರಿಂಗನ್ನು ಮಾತ್ರ ಬದಲಿಸುವ ರೂಢಿ ನಮ್ಮಲ್ಲಿದೆ. ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ನಮ್ಮ ತಯಾರಕ ಮಿತ್ರರು ಬಲ್ಲರು. ಸುರುಳಿಯ ವ್ಯಾಸ ಮತ್ತು ಸುತ್ತುಗಳು ಹಾಗೆಯೇ ಇದ್ದು, ತಂತಿ 7 ಮಿ.ಮೀ. ಇದ್ದದ್ದು 8 ಮಿ.ಮೀ. ಆದರೆ ಗಡಸುತನ ಸುಮಾರು ಶೇ. 70ರಷ್ಟು ಹೆಚ್ಚುತ್ತದೆ. ಎಣ್ಣೆಯ ತಡೆ ಮಾತ್ರ ಹಳೆಯದೇ ಉಳಿಯುತ್ತದೆ. ತುಂಬಿದ ಕ್ಯಾನುಗಳೊಡನೆ ಹೋಗುವಾಗ ವಾಹನ ಸುಖವಾಗಿ ನಡೆದಂತೆ ಕಾಣಬಹುದು. ಖಾಲಿ ಕ್ಯಾನುಗಳೊಡನೆ ಮರಳುವಾಗ ಹಿಂಗಾಲಿ ಕುಣಿಯುತ್ತದೆ, ಬ್ರೇಕು ಹಿಡಿಯುವ ಗಳಿಗೆಯಲ್ಲಿ ನೆಲವನ್ನು ಬಿಡುತ್ತದೆ.

ಉದ್ದದ ಅಳತೆಯೂ ಅಷ್ಟೇ ಮುಖ್ಯ. ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗಿನ ಉದ್ದವೇ ಶಾಕಿನ ನಿಜವಾದ ಉದ್ದ. ಹೊಸದು ಉದ್ದವಾದರೆ ಹಿಂಭಾಗ ಏರಿ ಹೆಡ್‌ಲೈಟಿನ ಬೆಳಕು ಹತ್ತಿರದಲ್ಲೇ ಬೀಳುತ್ತದೆ, ಪಕ್ಕದ ಸ್ಟ್ಯಾಂಡಿನ ಮೇಲೆ ವಾಹನ ಅತಿಯಾಗಿ ವಾಲುತ್ತದೆ, ಚೈನಿನ ಕೋನ ಬದಲಾಗುತ್ತದೆ. ಗಿಡ್ಡವಾದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ದೊಡ್ಡ ಹೊಂಡದಲ್ಲಿ ಟಾಯರು ಮಡ್‌ಗಾರ್ಡಿಗೆ ಉಜ್ಜುತ್ತದೆ. ವಾಹನದ ಮೂಲ ಅಳತೆಗೆ ಹೊಂದುವ ಬದಲಿ ಶಾಕನ್ನು ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಚೌಕಟ್ಟನ್ನೇ ಕತ್ತರಿಸಿ, ಬೆಸುಗೆ ಹಾಕಿ, ಎರಡು ಶಾಕಿನ ವಾಹನವನ್ನು ಒಂಟಿ ಶಾಕಿನದನ್ನಾಗಿ ಮಾಡುವ ಹೊಸ ಶೋಕಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ತೊಡಕನ್ನು ಮೈಮೇಲೆ ಎಳೆದುಕೊಳ್ಳುವ ಕೆಲಸ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಜೋಡಣೆಯ ಕ್ರಮ

ಜೋಡಣೆಯ ಕೆಲಸ ಅರ್ಧ ಗಂಟೆಯದು. ಆದರೆ ಆ ಅರ್ಧ ಗಂಟೆಗೆ ಒಂದು ಕ್ರಮವಿದೆ. ವಾಹನವನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂಗಾಲಿಗೆ ಆಸರೆ ಕೊಡಬೇಕು. ಹಳೆಯ ಶಾಕನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಉದ್ದ, ಬುಷ್ಷಿನ ರಂಧ್ರ, ಕಣ್ಣಿನ ಅಗಲ ಮೂರನ್ನೂ ಕ್ಯಾಲಿಪರಿನಿಂದ ಅಳೆಯಬೇಕು. ಒಂದು ಅಳತೆ ತಪ್ಪಿದರೂ ಮಾಲು ಅಂಗಡಿಗೆ ಮರಳಬೇಕೇ ಹೊರತು ತಗಡು, ಸುತ್ತಿಗೆ, ಅರ ಇವುಗಳ ಸಹಾಯಕ್ಕೆ ಹೋಗಬಾರದು. ಎರಡೂ ಬದಿಗಳನ್ನು ಒಮ್ಮೆಲೇ ಬಿಚ್ಚದೆ, ಒಂದನ್ನು ಬದಲಿಸಿದ ನಂತರ ಇನ್ನೊಂದಕ್ಕೆ ಕೈಹಾಕಿದರೆ ಸ್ವಿಂಗ್ ಆರ್ಮ್ ತನ್ನ ಎತ್ತರದಲ್ಲಿಯೇ ನಿಲ್ಲುತ್ತದೆ, ರಂಧ್ರಗಳು ಸರಿಹೊಂದುತ್ತವೆ.

ಒಂದೇ ಬದಿಯ ಶಾಕು ಸೋರಿದ್ದರೂ ಜೋಡಿಯನ್ನೇ ಬದಲಿಸಬೇಕು. ಹೊಸದೊಂದು ಹಳೆಯದೊಂದು ಆದರೆ ಎರಡು ಬದಿಗಳ ತಡೆ ಅಸಮವಾಗಿ ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ. ಐದು ಹಂತಗಳ ಹೊಂದಾಣಿಕೆಯ ಬಳೆ ಇದ್ದರೆ ಎರಡೂ ಬದಿಗಳು ಒಂದೇ ಹಂತದಲ್ಲಿರಬೇಕು. ವಾಷರುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಹಾಕಬೇಕು. ನಟ್ಟನ್ನು ಮೊದಲು ಕೈಯಿಂದ ತಿರುಗಿಸಿ, ಆನಂತರ ಆ ವಾಹನದ ಸರ್ವಿಸ್ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಅಂದಾಜಿನ ಬಿಗಿತ ಕಡಿಮೆಯಾದರೆ ನಟ್ಟು ಸಡಿಲಾಗುತ್ತದೆ, ಹೆಚ್ಚಾದರೆ ಎಳೆ ಹರಿಯುತ್ತದೆ. ಕೊನೆಗೆ ಆಸನವನ್ನು ಬಲವಾಗಿ ಒತ್ತಿ ಬಿಟ್ಟು ನೋಡಬೇಕು. ಒಮ್ಮೆ ಎದ್ದು ನೆಲೆಗೊಂಡರೆ ಸರಿ. ಎರಡು ಮೂರು ಸಲ ಪುಟಿದರೆ ಶಾಕಿನಲ್ಲಿ ದೋಷವಿದೆ. ಚೈನಿನ ಸಡಿಲ ನೋಡಿ, ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಅನಿಲ ತುಂಬಿದ ಶಾಕುಗಳನ್ನಂತೂ ಯಾರೂ ಬಿಚ್ಚಲು, ಕಾಯಿಸಲು, ಕೊರೆಯಲು ಹೋಗಬಾರದು. ಅವುಗಳೊಳಗೆ ನೈಟ್ರೋಜನ್ ಒತ್ತಡದಲ್ಲಿರುತ್ತದೆ.

ಎತ್ತಿನ ಬಂಡಿಯ ಕಾಲದಲ್ಲಿ ನಮ್ಮ ಬಡಿಗರು ಗಾಲಿಗೆ ಕಡಾಣಿ ಕೂಡಿದ್ದನ್ನು ಕೈಮುಟ್ಟಿ ನೋಡದೆ ಬಂಡಿಯನ್ನು ಅಂಗಳದಿಂದ ಬಿಡುತ್ತಿರಲಿಲ್ಲ. ಅವರ ಬಳಿ ಬಿಲ್ಲಿನ ಪುಸ್ತಕವಿರಲಿಲ್ಲ ನಿಜ. ಆದರೆ ಮಾಡಿದವರು ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಇಂದು ಮಾಲು ಎಲ್ಲಿಂದಲೋ ಬರುತ್ತದೆ. ಆದ್ದರಿಂದಲೇ ಅಂದು ಪರಿಚಯ ಮಾಡುತ್ತಿದ್ದ ಕೆಲಸವನ್ನು ಇಂದು ಬರಹ ಮಾಡಬೇಕಾಗಿದೆ.

ಆಕ್ಷೇಪಗಳಿಗೆ ಉತ್ತರ

ನನ್ನ ಮಾತಿಗೆ ವರ್ತಕ ಮಿತ್ರರು ಹೇಳುವ ಮೊದಲ ಆಕ್ಷೇಪ ತೆರಿಗೆಯದು. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಸಾವಿರ ರೂಪಾಯಿಯ ಮಾಲಿನ ಮೇಲೆ ಮೊದಲು 280 ರೂಪಾಯಿ ಇದ್ದ ತೆರಿಗೆ ಈಗ 180 ರೂಪಾಯಿ. ಬಿಲ್ಲಿಲ್ಲದ ಮಾಲಿನ ಮುಖ್ಯ ಆಕರ್ಷಣೆ ಅಷ್ಟರಮಟ್ಟಿಗೆ ಕುಗ್ಗಿದೆ. ಕಾಂಪೋಸಿಷನ್ ಯೋಜನೆಯಲ್ಲಿರುವ ಚಿಕ್ಕ ವರ್ತಕರು ಗಿರಾಕಿಯಿಂದ ತೆರಿಗೆ ವಸೂಲು ಮಾಡದೆಯೇ ಬಿಲ್ ಆಫ್ ಸಪ್ಲೈ ಕೊಡಬಹುದು. ನೋಂದಣಿಯ ಮಿತಿಗಿಂತ ಕೆಳಗಿರುವವರು ಕೂಡ ಸಾದಾ ಪಾವತಿಯ ಮೇಲೆ ಮಾಲಿನ ವಿವರ ಬರೆದು ಸಹಿ ಮಾಡಿಕೊಡಲು ಯಾವ ಅಡ್ಡಿಯೂ ಇಲ್ಲ.

ಎರಡನೆಯದು ಗಡಿಯ ಪೈಪೋಟಿ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿ.ಮೀ., ಕಾಗವಾಡಕ್ಕೆ ಮಿರಜ ಅದಕ್ಕಿಂತಲೂ ಹತ್ತಿರ. ನಮ್ಮ ಗ್ಯಾರೇಜುಗಳ ಮುಂದೆ ಕೆಎ-23 ಸಂಖ್ಯೆಯ ವಾಹನಗಳ ಪಕ್ಕದಲ್ಲಿ ಎಂಎಚ್-09, ಎಂಎಚ್-10 ಸಂಖ್ಯೆಯವು ನಿಂತಿರುವುದನ್ನು ದಿನವೂ ಕಾಣುತ್ತೇವೆ. ನಾವು ಕೊಡದಿದ್ದರೆ ಗಿರಾಕಿ ಅಲ್ಲಿಂದ ತರುತ್ತಾನೆಂಬುದು ಸತ್ಯ. ಆದರೆ 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಎರಡೂ ಕಡೆಯ ತೆರಿಗೆ ಒಂದೇ ಆಗಿರುವುದರಿಂದ ಬೆಲೆಯ ಪೈಪೋಟಿಯಲ್ಲಿ ನಾವು ಬಹಳ ದೂರ ಹೋಗಲಾರೆವು. ಹತ್ತಿರದ ಅಂಗಡಿಯವನು ಕೊಡಬಲ್ಲ ವಿಶೇಷವೆಂದರೆ ಅಳತೆ ನೋಡಿ ಕೊಡುವುದು, ಜೋಡಿಸಿ ಕೊಡುವುದು, ದೋಷ ಕಂಡರೆ ಮರಳಿ ಪಡೆಯುವುದು. ಇದು ದೂರದ ಅಂಗಡಿಯವನಿಗೆ ಸುಲಭಸಾಧ್ಯವಲ್ಲ.

ಮೂರನೆಯ ಆಕ್ಷೇಪ ಗಿರಾಕಿಯ ಬಡತನದ್ದು, ಮತ್ತು ಅದೇ ಎಲ್ಲಕ್ಕಿಂತ ಗಂಭೀರವಾದದ್ದು. ಹಾಲಿನ ಬಿಲ್ಲು ಬರುವವರೆಗೆ ಕೈಯಲ್ಲಿ ಹಣವಿಲ್ಲದವನಿಗೆ ಒಳ್ಳೆಯ ಮಾಲನ್ನು ಕೊಳ್ಳೆಂದು ಉಪದೇಶಿಸುವುದು ಸುಲಭ. ಆದರೆ ಕಬ್ಬಿನ ಬೆಳೆಗಾರನಿಗೆ ರಸಗೊಬ್ಬರ, ಕೀಟನಾಶಕಗಳನ್ನು ಉದ್ರಿ ಕೊಡುವ ಪದ್ಧತಿ ನಮ್ಮ ಪೇಟೆಗಳಲ್ಲಿ ಹೊಸದಲ್ಲ. ಅರ್ಧ ಬೆಲೆಯ ಗುರುತಿಲ್ಲದ ಜೋಡಿಯನ್ನು ರೋಖ ಮಾರುವುದಕ್ಕಿಂತ ಒಳ್ಳೆಯ ಜೋಡಿಯನ್ನು ಎರಡು ಕಂತಿನಲ್ಲಿ ಉದ್ರಿ ಕೊಡುವುದು ನಮಗೂ ನಷ್ಟದ ವ್ಯವಹಾರವಲ್ಲ. ನಾನು ಮೂರು ವರ್ಷಗಳಿಂದ ಹೀಗೆ ಮಾಡುತ್ತಿದ್ದೇನೆ. ಒಂದೆರಡು ಬಾಕಿ ಮುಳುಗಿದವು, ಅಂಗಡಿ ಮುಳುಗಲಿಲ್ಲ.

ತಯಾರಕರಿಗೆ ಎರಡು ಮಾತು

ಇಡೀ ಶಾಕ್ ಅಬ್ಸಾರ್ಬರನ್ನು ನಾವೂ ತಯಾರಿಸೋಣವೆಂಬ ಉತ್ಸಾಹ ನಮ್ಮ ಕೆಲವು ತರುಣ ಉದ್ಯಮಿಗಳಲ್ಲಿದೆ. 1961ರಲ್ಲಿ ಸ್ಥಾಪನೆಯಾದ ಗೇಬ್ರಿಯಲ್ ಇಂಡಿಯಾದಂತಹ ಕಂಪನಿಗಳ ಎದುರು ಸೀಲು, ಕ್ರೋಮ್ ರಾಡು, ವಾಲ್ವುಗಳ ನಿಖರತೆಯಲ್ಲಿ ಸ್ಪರ್ಧಿಸುವುದು ಸುಲಭವಲ್ಲ. ಇನ್ನೊಬ್ಬರ ಹೆಸರಿನ ಪೆಟ್ಟಿಗೆಯಲ್ಲಿ ತಮ್ಮ ಮಾಲನ್ನು ತುಂಬುವುದಂತೂ 1999ರ ಟ್ರೇಡ್ ಮಾರ್ಕ್ ಕಾಯಿದೆಯಂತೆ ಸೆರೆವಾಸದ ಅಪರಾಧ. ಆದರೆ ನಮಗೆ ಬೇಕಾದ ಬೇರೆ ವಸ್ತುಗಳಿವೆ. ಹಾಲಿನ ಕ್ಯಾನುಗಳನ್ನು ಆದಷ್ಟು ಮುಂದಕ್ಕೆ, ಆದಷ್ಟು ತಗ್ಗಿನಲ್ಲಿ ಹಿಡಿಯುವ ಹಗುರವಾದ ಚೌಕಟ್ಟು ಬೇಕು. ಸರಿಯಾದ ಅಳತೆಯ ಬುಷ್ಷು, ವಾಷರು, ಸ್ಲೀವುಗಳು ಬೇಕು. ಕೆಸರು ತಡೆಯಲು ರಾಡಿಗೆ ತೊಡಿಸುವ ರಬ್ಬರಿನ ಕವಚ ಬೇಕು. ಬೆಳಗಾವಿಯ ಉದ್ಯಮಬಾಗ, ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾಂವಗಳ ಎರಕದ ಹಾಗೂ ಯಂತ್ರದ ಕೆಲಸದ ಕೌಶಲ ನಮ್ಮ ಎರಡೂ ಪಕ್ಕಗಳಲ್ಲಿದೆ. ಮಾಡಿದ ಪ್ರತಿಯೊಂದು ವಸ್ತುವಿನ ಮೇಲೆ ತಯಾರಕರ ಹೆಸರು ಮತ್ತು ತಿಂಗಳು ಅಚ್ಚಾಗಿರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಸಂಸ್ಥೆಯ ಮುಂದೆ ನಾನು ಮೂರು ಸಲಹೆಗಳನ್ನು ಇಡಬಯಸುತ್ತೇನೆ. ಒಂದು, ತಯಾರಕರ ಹೆಸರು ವಿಳಾಸಗಳಿಲ್ಲದ ಶಾಕು, ಬ್ರೇಕು, ಸ್ಟೀಯರಿಂಗ್ ಭಾಗಗಳನ್ನು ಕೊಳ್ಳುವುದಿಲ್ಲ, ಮಾರುವುದಿಲ್ಲ ಎಂದು ಐದೂ ತಾಲೂಕುಗಳ ಬಿಡಿಭಾಗ ವರ್ತಕರು ಸ್ವಯಂಪ್ರೇರಿತರಾಗಿ ಒಪ್ಪಿಕೊಳ್ಳಬೇಕು. ಎರಡು, ಬಿಲ್ಲಿನಲ್ಲಿ ವಾಹನದ ಮಾದರಿ, ಮಾಲಿನ ಸಂಖ್ಯೆ, ಜೋಡಿಸಿದವರ ಹೆಸರು ಬರೆಯಲು ಸ್ಥಳವಿರುವ ಒಂದು ನಮೂನೆಯನ್ನು ಸಂಸ್ಥೆಯೇ ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ ಮುದ್ರಿಸಿ ಒದಗಿಸಬೇಕು. ಮೂರು, ಪ್ರತಿಯೊಂದು ಪೇಟೆಯಲ್ಲಿ ಎರಡು ಟಾರ್ಕ್ ರೆಂಚುಗಳನ್ನೂ ಕ್ಯಾಲಿಪರುಗಳನ್ನೂ ಸಂಸ್ಥೆಯ ವತಿಯಿಂದ ಇರಿಸಿ, ಕೊಳ್ಳುವ ಶಕ್ತಿಯಿಲ್ಲದ ಮೆಕ್ಯಾನಿಕರಿಗೆ ಬಳಸಲು ಕೊಡಬೇಕು. ವರ್ಷಕ್ಕೊಮ್ಮೆ ಸ್ಥಳೀಯ ತಾಂತ್ರಿಕ ಶಿಕ್ಷಣ ಸಂಸ್ಥೆಗಳ ನೆರವಿನಿಂದ ಒಂದು ದಿನದ ತರಬೇತಿಯನ್ನು ಏರ್ಪಡಿಸಬೇಕು.

ಇವುಗಳಲ್ಲಿ ಯಾವುದೂ ಸರಕಾರದ ಅನುದಾನಕ್ಕೆ ಕಾಯಬೇಕಾದ ಕೆಲಸವಲ್ಲ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಹೆಚ್ಚಿನ ಅನುಭವವುಳ್ಳ ಹಿರಿಯ ವರ್ತಕರು ನನ್ನ ಸಲಹೆಗಳನ್ನು ತಿದ್ದಿದರೆ ಸಂತೋಷ. ಆ ಮಾಲು ಯಾರದು ಎಂದು ಮತ್ತೊಬ್ಬ ಗಿರಾಕಿ ಊರುಗೋಲು ಹಿಡಿದು ಬಂದು ನಮ್ಮಲ್ಲಿ ಯಾರನ್ನಾದರೂ ಕೇಳುವ ಮೊದಲು, ಉತ್ತರ ನಮ್ಮ ಬಿಲ್ಲಿನ ಪುಸ್ತಕದಲ್ಲಿ ಇರಲಿ.